ಹೊಸ ಲ್ಯಾಪ್‌ಟಾಪಿನಲ್ಲಿ ಬೇರೆ ಕಾರ್ಯಾಚರಣ ವ್ಯವಸ್ಥೆ: ಚೆನ್ನೈ ನಗರದ ನಿದರ್ಶನ ಮತ್ತು ಕನ್ನಡ ಬರಹದ ಪ್ರಶ್ನೆ

2025ನೆಯ ಇಸವಿ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ತನ್ನ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವನ್ನೂ ತನ್ನ ಪಟ್ಟಿಗೆ ಸೇರಿದ ಸಂಸ್ಕಾರಕಗಳನ್ನೂ ಅಪೇಕ್ಷಿಸುವುದರಿಂದ, ಕೆಲಸಕ್ಕೆ ಇನ್ನೂ ತಕ್ಕುದಾಗಿದ್ದ ಎಷ್ಟೋ ಯಂತ್ರಗಳು ಮೂಲೆಗೆ ಸರಿದುವು. ಈ ನಿಮಿತ್ತವಾಗಿ ಹೊಸ ಲ್ಯಾಪ್‌ಟಾಪು ಕೊಳ್ಳುವವರು ನಮ್ಮ ನಗರದ ಕನ್ನಡ ಬಂಧುಗಳಲ್ಲಿಯೂ ಹಲವರಿದ್ದಾರೆ. ಅವರಲ್ಲಿ ಕೆಲವರು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವುದುಂಟು. ಯಂತ್ರದೊಡನೆ ಬಂದ ವ್ಯವಸ್ಥೆಯನ್ನು ಬಿಟ್ಟು ಲಿನಕ್ಸಿನಂಥ ಬೇರೊಂದನ್ನು ಅದರಲ್ಲಿ ನೆಲೆಗೊಳಿಸಬಹುದೆ ಎಂಬುದು ಮೊದಲನೆಯದು. ಹಾಗೆ ಮಾಡಿದಲ್ಲಿ ಇಪ್ಪತ್ತು ವರ್ಷ ಬರೆದಿಟ್ಟ ಕನ್ನಡದ ಗತಿಯೇನು ಎಂಬುದು ಎರಡನೆಯದು. ಮೊದಲನೆಯದು ಯಂತ್ರಕ್ಕೂ ಎರಡನೆಯದು ಭಾಷೆಗೂ ಸಂಬಂಧಿಸಿದುದಾದರೂ ಇವೆರಡಕ್ಕೂ ಉತ್ತರ ಒಂದೇ ಕಡೆಗೆ ತಿರುಗುತ್ತದೆಂಬುದು ಈ ಲೇಖಕನ ಅಭಿಪ್ರಾಯ. ಪ್ರಶ್ನೆಯನ್ನು ಕೊಂಡ ಮೇಲೆ ಕೇಳುವುದಕ್ಕೂ ಕೊಳ್ಳುವ ಮೊದಲು ಕೇಳುವುದಕ್ಕೂ ಬಹಳ ಅಂತರವಿದೆ.

ಕಾರ್ಯಾಚರಣ ವ್ಯವಸ್ಥೆಯೆಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ಕೀಲಿಮಣೆ, ಪರದೆ, ಸ್ಮೃತಿಕೋಶ, ಧ್ವನಿ, ನಿಸ್ತಂತು ಸಂಪರ್ಕ ಇವುಗಳೊಡನೆ ವ್ಯವಹರಿಸುತ್ತ, ಇತರ ಎಲ್ಲ ತಂತ್ರಾಂಶಗಳಿಗೂ ಆಶ್ರಯ ಕೊಡುವ ಮೂಲ ತಂತ್ರಾಂಶವೇ ಅದು. ವಿಂಡೋಸ್ ಅಂಥದೊಂದು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್ ಕರ್ನೆಲ್ಲನ್ನು ತಿರುಳಾಗಿಟ್ಟುಕೊಂಡು ಬೆಳೆದ ಡೆಬಿಯನ್, ಉಬುಂಟು, ಫೆಡೋರ ಮುಂತಾದವು ಬೇರೆ ಕೆಲವು. ಇವುಗಳ ಮೂಲ ಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಬೆಲೆ ಕೊಡಬೇಕಾಗಿಲ್ಲವೆಂಬುದೇ ಇವುಗಳ ಗುಣವೆಂದು ತಿಳಿದವರು ಹೆಚ್ಚು. ಆದರೆ ಅದು ಮುಖ್ಯವಾದ ಗುಣವಲ್ಲ.

ಈ ವಿಷಯದಲ್ಲಿ ಚೆನ್ನೈಗೆ ಒಂದು ವಿಶೇಷ ಸ್ಥಾನವುಂಟೆಂಬುದನ್ನು ಇಲ್ಲಿಯೇ ವಾಸಿಸುವ ನಾವು ಅಷ್ಟಾಗಿ ಗಮನಿಸಿದಂತಿಲ್ಲ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ, ಮುಕ್ತ ತಂತ್ರಾಂಶಗಳಿಗಾಗಿ ಒಂದು ರಾಷ್ಟ್ರೀಯ ಸಂಪನ್ಮೂಲ ಕೇಂದ್ರವು 2005ರಲ್ಲಿ ಈ ನಗರದಲ್ಲಿ ಸ್ಥಾಪಿತವಾಯಿತು. ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಶಾಖೆಯೂ ಅಣ್ಣಾ ವಿಶ್ವವಿದ್ಯಾನಿಲಯದ ಏ.ಯು.-ಕೆ.ಬಿ.ಸಿ. ಸಂಶೋಧನ ಕೇಂದ್ರವೂ ಅದರ ಹೊಣೆಯನ್ನು ಹೊತ್ತುವು. ಡೆಬಿಯನ್ನಿನ ಆಧಾರದ ಮೇಲೆ ಅಲ್ಲಿ ಸಿದ್ಧವಾದ ‘ಬಾಸ್’ ಎಂಬ ಲಿನಕ್ಸ್ ವ್ಯವಸ್ಥೆಯ ಮೊದಲ ಆವೃತ್ತಿ 2007ರಲ್ಲಿ ಹೊರಬಂದಿತು. ಭಾರತ್ ಆಪರೇಟಿಂಗ್ ಸಿಸ್ಟಮ್ ಸಲ್ಯೂಷನ್ಸ್ ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳು ಅವು. ಕನ್ನಡವೂ ಒಳಗೊಂಡಂತೆ ಭಾರತೀಯ ಭಾಷೆಗಳಿಗೆ ಅದರಲ್ಲಿ ಎಡೆ ದೊರಕಿತು. ಅದೇ ಕಾಲದ ಆಸುಪಾಸಿನಲ್ಲಿ ತಮಿಳುನಾಡು ಸರ್ಕಾರದ ಇಲೆಕ್ಟ್ರಾನಿಕ್ಸ್ ನಿಗಮವಾದ ಎಲ್ಕಾಟ್ ತನ್ನ ಕಚೇರಿಯ ಯಂತ್ರಗಳನ್ನು ಸೂಸೆ ಲಿನಕ್ಸಿಗೆ ಬದಲಾಯಿಸಿತ್ತು.

ಇದರ ದೊಡ್ಡ ಪ್ರಯೋಗ ನಡೆದುದು 2011ರಲ್ಲಿ. ಸರ್ಕಾರಿ ಹಾಗೂ ಅನುದಾನಿತ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪು ಕೊಡುವ ಯೋಜನೆಗೆ ಆ ವರ್ಷ ಸೆಪ್ಟೆಂಬರ್ 15ರಂದು, ಸಿ.ಎನ್. ಅಣ್ಣಾದುರೈಯವರ ಜನ್ಮದಿನದಂದು, ಅಂದಿನ ಮುಖ್ಯಮಂತ್ರಿ ಜಯಲಲಿತಾ ಅವರು ಚಾಲನೆ ಕೊಟ್ಟರು. ಮೊದಲ ವರ್ಷಕ್ಕೆಂದು ಎಲ್ಕಾಟ್ ಕರೆದ ಟೆಂಡರು 9.12 ಲಕ್ಷ ಯಂತ್ರಗಳದು. ಆ ಯಂತ್ರಗಳಲ್ಲಿ ವಿಂಡೋಸ್ 7ರ ಕಿರಿಯ ಆವೃತ್ತಿಯೂ ಬಾಸ್ ಲಿನಕ್ಸೂ ಜೊತೆಜೊತೆಯಾಗಿ ನೆಲೆಗೊಂಡಿದ್ದುವು. ಯಂತ್ರವನ್ನು ಚಾಲೂ ಮಾಡಿದೊಡನೆ ಎರಡರಲ್ಲಿ ಯಾವುದು ಬೇಕೆಂದು ಅದು ವಿದ್ಯಾರ್ಥಿಯನ್ನೇ ಕೇಳುತ್ತಿತ್ತು. 2026ರ ಜನವರಿಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ವಿತರಣೆಯಾಗತೊಡಗಿದ ಯಂತ್ರಗಳಲ್ಲಿಯೂ ವಿಂಡೋಸ್ 11ರೊಡನೆ ಬಾಸ್ ಇದೆ.

ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಆ ಎರಡನೆಯ ಬಾಗಿಲನ್ನು ತೆರೆದರೆಂಬುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದುದು ಆ ಖರೀದಿಯ ಕ್ರಮವನ್ನು. ಕೊಳ್ಳುವವನು ತನಗೆ ಎರಡು ವ್ಯವಸ್ಥೆಗಳು ಬೇಕೆಂದು ಕರಾರಿನಲ್ಲೇ ಬರೆದುದರಿಂದ, ಎರಡೂ ಆ ಯಂತ್ರದಲ್ಲಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಭಾರ ಮಾರುವವನ ಮೇಲೆ ಬಿದ್ದಿತು. ನಮ್ಮ ನಿಮ್ಮಂತೆ ಅಂಗಡಿಯಲ್ಲಿ ಒಂದೇ ಯಂತ್ರವನ್ನು ಕೊಳ್ಳುವವನ ವಿಷಯದಲ್ಲಿ ಆ ಭಾರ ಕೊಂಡವನ ತಲೆಗೆ ಬರುತ್ತದೆ. ಕಾಸರಗೋಡಿನಲ್ಲಿ ಕಾಣುವುದೂ ಇದೇ ನಿದರ್ಶನವೇ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಮೊದಲಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು ಕೆಲವು ವರ್ಷಗಳೊಳಗೆ ಮುಕ್ತ ತಂತ್ರಾಂಶಕ್ಕೆ ಪೂರ್ತಿಯಾಗಿ ಒಲಿಯಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಶಾಲೆಗಳ ಯಂತ್ರಗಳಲ್ಲಿ ನಡೆಯುವುದು ಆ ಸಂಸ್ಥೆಯೇ ಉಬುಂಟುವಿನಿಂದ ಅಣಿಗೊಳಿಸಿದ ಲಿನಕ್ಸ್; ಅದರ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷುಗಳಲ್ಲಿರುವಂತೆ ತಮಿಳು ಕನ್ನಡಗಳಲ್ಲಿಯೂ ಇವೆ. ಎಂದಮೇಲೆ, ಕಾಸರಗೋಡಿನ ಕನ್ನಡ ಮಾಧ್ಯಮದ ಬಾಲಕನಿಗೆ ಲಿನಕ್ಸ್ ‘ಬೇರೆ’ ವ್ಯವಸ್ಥೆಯೇ ಅಲ್ಲ, ಶಾಲೆಯಲ್ಲಿ ಮೊದಲು ಕಂಡ ವ್ಯವಸ್ಥೆ. ಬೆಂಗಳೂರಿನ ಅವನ ಓರಗೆಯವರಲ್ಲಿ ಈ ಮಾತು ಹೇಳಬಲ್ಲವರು ಕಡಮೆ!

ಇನ್ನು ಹೊಸ ಯಂತ್ರವನ್ನು ಒಬ್ಬನೇ ಕೊಂಡವನ ಕಷ್ಟಕ್ಕೆ ಬರೋಣ. ಯಂತ್ರವು ಹೊಸದಾದಷ್ಟೂ ಲಿನಕ್ಸಿಗೆ ಒಗ್ಗುವುದು ಸುಲಭವೆಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವವಾಗಿ ಅದು ತದ್ವಿರುದ್ಧ. ಯಂತ್ರದ ಪ್ರತಿಯೊಂದು ಅಂಗಕ್ಕೂ ಅದರ ನುಡಿಯನ್ನು ಬಲ್ಲ ಒಂದು ಚಿಕ್ಕ ತಂತ್ರಾಂಶ ಬೇಕು. ಅದನ್ನು ಡ್ರೈವರ್ ಎನ್ನುತ್ತಾರೆ. ವಿಂಡೋಸಿಗೆ ಅದನ್ನು ತಯಾರಕನೇ ಬರೆದು ಯಂತ್ರದೊಡನೆ ಕೊಡುತ್ತಾನೆ. ಲಿನಕ್ಸಿನಲ್ಲಿ ಬಹುಮಟ್ಟಿಗೆ ಅವೆಲ್ಲ ಕರ್ನೆಲ್ಲಿನ ಒಳಗೇ ಸೇರಿ ಬರುತ್ತವೆ. ಆದುದರಿಂದ ಒಂದು ನಿಸ್ತಂತು ಚಿಪ್ಪು ಮಾರುಕಟ್ಟೆಗೆ ಬಂದುದು ಯಾವಾಗ, ನಾವು ಹಾಕುವ ವ್ಯವಸ್ಥೆಯ ಕರ್ನೆಲ್ಲು ಸಿದ್ಧವಾದುದು ಯಾವಾಗ ಎಂಬ ಎರಡು ತಾರೀಖುಗಳ ಮೇಲೆ ಎಲ್ಲವೂ ನಿಂತಿದೆ. ಡೆಬಿಯನ್ 12 ಎಂಬುದು 2023ರ ಜೂನಿನಲ್ಲಿ 6.1ನೆಯ ಕರ್ನೆಲ್ಲಿನೊಡನೆ ಬಂದಿತು. ಅದರ ಮುಂದಿನ ಡೆಬಿಯನ್ 13 ಬಂದುದು 2025ರ ಆಗಸ್ಟಿನಲ್ಲಿ, 6.12ನೆಯ ಕರ್ನೆಲ್ಲಿನೊಡನೆ. ಇವೆರಡರ ನಡುವೆ ಹುಟ್ಟಿದ ಯಂತ್ರದಲ್ಲಿ ಮೊದಲನೆಯದನ್ನು ಹಾಕಿ, ನಿಸ್ತಂತು ಸಂಪರ್ಕವಿಲ್ಲ, ಧ್ವನಿಯಿಲ್ಲ ಎಂದು ಲಿನಕ್ಸನ್ನು ದೂರುವುದು, ಕಳೆದ ವರ್ಷದ ಪಂಚಾಂಗದಲ್ಲಿ ಈ ವರ್ಷದ ಗ್ರಹಣವನ್ನು ಹುಡುಕಿದಂತೆ. ಬಾಸ್ ಮುಂತಾಗಿ ಡೆಬಿಯನ್ನಿನಿಂದ ಇಳಿದು ಬಂದ ವ್ಯವಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಸ್ಥಿರತೆಯೇ ಅವುಗಳ ಗುಣ. ಹೊಚ್ಚ ಹೊಸ ಯಂತ್ರದ ಮುಂದೆ ಆ ಗುಣವೇ ದೋಷವಾಗುವುದುಂಟು.

ಡ್ರೈವರಿನ ಜೊತೆಗೆ ಇನ್ನೊಂದು ತೊಡಕಿದೆ. ಅನೇಕ ಚಿಪ್ಪುಗಳು ತಮ್ಮೊಳಗೆ ತುಂಬಬೇಕಾದ ಫರ್ಮ್‌ವೇರ್ ಎಂಬ ಕಡತವನ್ನೂ ಕೇಳುತ್ತವೆ. ಅದರ ಮೂಲ ಬರಹವನ್ನು ತಯಾರಕರು ಬಿಟ್ಟುಕೊಡುವುದಿಲ್ಲ. ಡೆಬಿಯನ್ನಿನವರು ತಮ್ಮ ತತ್ತ್ವಕ್ಕೆ ಕಟ್ಟುಬಿದ್ದು ಇಂಥ ಕಡತಗಳನ್ನು ಬಹುಕಾಲ ದೂರವೇ ಇಟ್ಟಿದ್ದರು. 2022ರಲ್ಲಿ ತಮ್ಮೊಳಗೆ ಮತ ಹಾಕಿ ನಿರ್ಣಯಿಸಿದ ಮೇಲೆ, 12ನೆಯ ಆವೃತ್ತಿಯಿಂದ ಅವುಗಳನ್ನು ಸೇರಿಸಿ ಕೊಡತೊಡಗಿದ್ದಾರೆ. ತತ್ತ್ವವನ್ನು ಹಿಡಿದವರು ಹೀಗೆ ವ್ಯವಹಾರಕ್ಕೆ ಇಳಿದುದನ್ನು ಕೆಲವರು ಆಕ್ಷೇಪಿಸಿದ್ದಾರೆ. ಈ ಲೇಖಕನ ಮಟ್ಟಿಗೆ ಅದು ಉಚಿತವೇ. ಯಂತ್ರವು ಮಾತನಾಡದಿದ್ದರೆ ಸ್ವಾತಂತ್ರ್ಯದ ಉಪನ್ಯಾಸವನ್ನು ಕೇಳುವವರಾರು?

ಎರಡನೆಯ ತಡೆಯನ್ನು ವಿವರಿಸುವಾಗ ಬ್ಯಾಂಕಿನ ಉಪಮೆಯನ್ನು ವಾಚಕರು ಸಹಿಸಬೇಕು. ಚೆಕ್ಕು ಕೈಗೆ ಬಂದೊಡನೆ ಯಾರೂ ಹಣ ಎಣಿಸಿ ಕೊಡುವುದಿಲ್ಲ. ಖಾತೆದಾರನ ಮಾದರಿ ಸಹಿಯೊಡನೆ ತಾಳೆ ನೋಡುವುದು ಪದ್ಧತಿ. 2012ರಲ್ಲಿ ವಿಂಡೋಸ್ 8ರೊಡನೆ ಬಳಕೆಗೆ ಬಂದ ‘ಸೆಕ್ಯೂರ್ ಬೂಟ್’ ಎಂಬ ಏರ್ಪಾಡು ಮಾಡುವುದೂ ಇದನ್ನೇ. ಯಂತ್ರವು ಎಚ್ಚರಗೊಳ್ಳುವಾಗ, ಒಳಗೆ ಬರಲಿರುವ ವ್ಯವಸ್ಥೆಯ ಅಂಕೀಯ ಸಹಿಯನ್ನು ತನ್ನಲ್ಲಿರುವ ಮಾದರಿಯೊಡನೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಬಾಗಿಲು ತೆರೆಯುವುದಿಲ್ಲ. ಈ ಮಾದರಿಗಳನ್ನು ಕಾರ್ಖಾನೆಯಲ್ಲೇ ತುಂಬಿರುತ್ತಾರೆ. ಅವು ಬಹುತೇಕ ಮೈಕ್ರೋಸಾಫ್ಟಿನವು ಮತ್ತು ತಯಾರಕನವು. ನಮ್ಮ ನಗರಕ್ಕೆ ಸಮೀಪದ ಶ್ರೀಪೆರುಂಬುದೂರಿನಲ್ಲಿ 2007ರಿಂದ ಡೆಲ್ ಕಂಪನಿಯ ಕಾರ್ಖಾನೆಯಿದೆ, ಎಚ್.ಪಿ. ಯಂತ್ರಗಳೂ ಅಲ್ಲಿ ತಯಾರಾಗುತ್ತವೆ. ಯಂತ್ರ ನಮ್ಮ ಊರಿನದಾದರೂ ಸಹಿ ದೂರದ ರೆಡ್‌ಮಂಡಿನದು.

ಹಾಗಾದರೆ ಲಿನಕ್ಸ್ ಒಳಕ್ಕೆ ಬರುವ ಬಗೆ ಹೇಗೆ? ಹಿಂದೆ ಖಾತೆ ತೆರೆಯುವವನಿಗೆ ಹಳೆಯ ಖಾತೆದಾರನೊಬ್ಬನು ಪರಿಚಯದ ಸಹಿ ಹಾಕಬೇಕಾಗಿತ್ತಲ್ಲವೆ, ಅದೇ ದಾರಿ. ‘ಶಿಮ್’ ಎಂಬ ಒಂದು ಪುಟ್ಟ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಹಿ ಮಾಡಿಕೊಡುತ್ತದೆ. ಆ ಶಿಮ್ ತನ್ನ ಹಿಂದೆ ಬರುವ ಉಬುಂಟುವಿಗೋ ಫೆಡೋರಕ್ಕೋ ಪರಿಚಯ ಹೇಳುತ್ತದೆ. 2022ರಿಂದೀಚೆಗೆ ಬಂದ ಕೆಲವು ಯಂತ್ರಗಳಲ್ಲಿ ಈ ಪರಿಚಯಕ್ಕೂ ಮೊದಲಿಗೆ ತಡೆ ಹಾಕಿರುತ್ತಾರೆ. ಯಂತ್ರದ ಮೂಲ ಹೊಂದಿಕೆಗಳ ಪುಟಕ್ಕೆ ಹೋಗಿ, ಮೂರನೆಯವರ ಸಹಿಗೆ ಅನುಮತಿ ಕೊಡುವ ಒಂದು ಸಾಲನ್ನು ಹುಡುಕಿ ಬದಲಿಸಬೇಕು. ಮಾದರಿ ಸಹಿಗಳಿಗೆ ಅವಧಿಯೂ ಉಂಟು. ಶಿಮ್‌ಗೆ ಸಹಿ ಮಾಡಲು ಬಳಸುತ್ತ ಬಂದ 2011ರ ಪ್ರಮಾಣಪತ್ರದ ಕೊನೆಯ ತಿಂಗಳು 2026ರ ಜೂನ್. ಅದರ ಬದಲಿಗೆಂದು 2023ರ ಹೆಸರಿನ ಬೇರೊಂದನ್ನು ಹೊರಡಿಸಿದ್ದಾರೆ. ಹೊಸ ಯಂತ್ರದಲ್ಲಿ ಹಳೆಯ ಮಾದರಿಯೂ ಹಳೆಯ ಯಂತ್ರದಲ್ಲಿ ಹೊಸ ಮಾದರಿಯೂ ಇಲ್ಲದಿರುವ ಸಂಭವವಿದೆಯಾದ್ದರಿಂದ, ಹಲವು ವರ್ಷ ಹಿಂದೆ ಪೆನ್‌ಡ್ರೈವಿಗೆ ಇಳಿಸಿಟ್ಟುಕೊಂಡ ಲಿನಕ್ಸನ್ನೇ ನೆಚ್ಚಿರುವುದು ಜಾಣತನವಲ್ಲ. ಸೆಕ್ಯೂರ್ ಬೂಟನ್ನು ಪೂರ್ತಿಯಾಗಿ ಆರಿಸಿಬಿಡಲು ಹೆಚ್ಚಿನ ಯಂತ್ರಗಳಲ್ಲಿ ಅವಕಾಶವಿದೆ. ಆದರೆ ಕಳ್ಳಸಹಿಯ ಭಯ ಸುಳ್ಳಲ್ಲ. ತಾಳೆ ನೋಡುವ ಪದ್ಧತಿಯನ್ನೇ ಕೈಬಿಡುವುದಕ್ಕಿಂತ ತನ್ನ ಸಹಿಯನ್ನೂ ಮಾದರಿಗಳಲ್ಲಿ ಸೇರಿಸಿಕೊಳ್ಳುವುದು ಮೇಲು. ಶಿಮ್ ಅದಕ್ಕೂ ಎಡೆ ಕೊಟ್ಟಿದೆ.

ಡಿಸ್ಕಿನ ವಿಷಯ ಸಂಕ್ಷಿಪ್ತ. ಇಂದಿನ ವಿಂಡೋಸ್ ಯಂತ್ರಗಳಲ್ಲಿ ಮಾಲೀಕನು ಕೇಳದೆಯೇ ಡಿಸ್ಕಿಗೆ ಗೂಢಲಿಪಿಯ ಬೀಗ ಬಿದ್ದಿರುವುದು ಸಾಮಾನ್ಯ. ಮೇಲೆ ಹೇಳಿದ ಹೊಂದಿಕೆಗಳನ್ನು ಬದಲಿಸಿದೊಡನೆ ಅದು 48 ಅಂಕೆಗಳ ಒಂದು ಕೀಲಿಯನ್ನು ಕೇಳಬಹುದು. ಆ ಕೀಲಿಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡಿರತಕ್ಕದ್ದು. ಲಿನಕ್ಸಿಗೆ ಜಾಗ ಬಿಡಿಸಿಕೊಡುವುದನ್ನು ವಿಂಡೋಸಿನೊಳಗಿನಿಂದಲೇ ಮಾಡುವುದು ಕ್ಷೇಮ. 2024ರಿಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಎಂಬ ಬೇರೆ ಜಾತಿಯ ಸಂಸ್ಕಾರಕವುಳ್ಳ ವಿಂಡೋಸ್ ಲ್ಯಾಪ್‌ಟಾಪುಗಳೂ ಬಂದಿವೆ. ಅವುಗಳಲ್ಲಿ ಪ್ರತಿಯೊಂದು ಮಾದರಿಗೂ ಪ್ರತ್ಯೇಕ ಸಿದ್ಧತೆ ಬೇಕಾಗುವುದರಿಂದ, ಲಿನಕ್ಸನ್ನು ಬಯಸುವ ಸಾಹಿತ್ಯಾಭ್ಯಾಸಿಗಳು ಅವುಗಳ ಗೋಜಿಗೆ ಹೋಗದಿರುವುದೇ ಲೇಸು.

ಇಷ್ಟೆಲ್ಲ ಮಾಡಿ ವ್ಯವಸ್ಥೆ ನೆಲೆಗೊಂಡಿತೆನ್ನೋಣ. ನಮ್ಮಂಥವರ ನಿಜವಾದ ಆತಂಕ ಮೊದಲಾಗುವುದು ಅನಂತರ. ಮಿತ್ರರೊಬ್ಬರು ಹಲವು ವರ್ಷಗಳ ಶ್ರಮದಿಂದ ಸಿದ್ಧಪಡಿಸಿದ ಶಾಸನಪಾಠಗಳ ಕಡತವನ್ನು ಇಂಥ ಯಂತ್ರವೊಂದರಲ್ಲಿ ತೆರೆದಾಗ ಕಂಡುದು ಕನ್ನಡವಲ್ಲ, ರೋಮನ್ ಅಕ್ಷರಗಳ ಒಂದು ಗೋಜಲು. ‘ಕನ್ನಡ’ ಎಂಬ ಪದವಿದ್ದ ಕಡೆ ಮೊದಲು ದೊಡ್ಡ ಪಿ ಅಕ್ಷರ, ಅದರ ಮುಂದೆ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ! ವಿದೇಶಿ ವಿನಿಮಯದ ವಿಭಾಗದಲ್ಲಿ ಹೊರತು ಬೇರೆಲ್ಲಿಯೂ ಆ ಚಿಹ್ನೆಯನ್ನು ನಿರೀಕ್ಷಿಸದ ಈ ಲೇಖಕನಿಗೆ ಅಚ್ಚರಿಯಾಯಿತು. ಕಾರಣ ಸರಳವಾದುದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಕ್ರಮದಲ್ಲಿ, ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಮನೆಗಳಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ತುಂಬಲಾಗಿತ್ತು. ಕಡತದಲ್ಲಿ ಉಳಿಯುತ್ತಿದ್ದುದು ಇಂಗ್ಲಿಷಿನ ಸಂಕೇತವೇ. ಅದು ಕನ್ನಡವಾಗಿ ಕಾಣುತ್ತಿದ್ದುದು ಆ ಫಾಂಟಿನ ದಯೆಯಿಂದ. ಫಾಂಟು ಇಲ್ಲದ ಕಡೆ ಕನ್ನಡವೂ ಇಲ್ಲ.

ಇದನ್ನು ರೂಪಿಸಿದವರನ್ನು ಹಳಿಯುವುದು ಸರಿಯಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಮೊದಲು ಆ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಸ್ವಂತ ನೆಲೆಯೇ ಇರಲಿಲ್ಲ. ಪರರ ಮನೆಯಲ್ಲಿ ಒಂದು ಕೋಣೆಯನ್ನಾದರೂ ಗಿಟ್ಟಿಸಿಕೊಂಡು ಕನ್ನಡವನ್ನು ಬೆಳೆಸಿದವರು ಅವರು. ಆದರೆ 1991ರಷ್ಟು ಹಿಂದೆಯೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಪ್ರತ್ಯೇಕ ಪಂಕ್ತಿ ದೊರೆತಿತ್ತು. ವ್ಯವಸ್ಥೆಗಳು ಅದಕ್ಕೆ ಬೆಂಬಲ ಕೊಟ್ಟ ಮೇಲೂ ನಾವು ಹಳೆಯ ಕೋಣೆಯಲ್ಲೇ ಬಹುಕಾಲ ಉಳಿದೆವು. ಯೂನಿಕೋಡಿನಲ್ಲಿ ಬರೆದ ಕನ್ನಡವು ವಿಂಡೋಸಿನಿಂದ ಲಿನಕ್ಸಿಗೆ, ಅಲ್ಲಿಂದ ದೂರವಾಣಿಗೆ, ಯಾವುದೇ ಬದಲಾವಣೆಯಿಲ್ಲದೆ ಸಾಗುತ್ತದೆ. ಲಿನಕ್ಸಿನಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳನ್ನು ಅಳವಡಿಸುವ ಹಾರ್ಫ್‌ಬಜ್ ಎಂಬ ಯಂತ್ರಭಾಗವೇ ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ ಆ ಕೆಲಸ ಮಾಡುತ್ತಿರುವುದರಿಂದ, ರೂಪದಲ್ಲಿಯೂ ಭೇದ ಕಾಣದು.

ಕೀಲಿಮಣೆಯ ಬಗೆಗೆ ಭಯ ಬೇಡ. ಕಿನ್ನಿಕಂಬಳ ಪದ್ಮನಾಭರಾಯರ ಧ್ವನ್ಯನುಸಾರಿ ವಿನ್ಯಾಸವನ್ನು ಅವಲಂಬಿಸಿ ಕನ್ನಡ ಗಣಕ ಪರಿಷತ್ತು ಬಳಕೆಗೆ ತಂದ ಕೀಲಿಮಣೆ ಲಿನಕ್ಸಿನಲ್ಲಿ ಸಿದ್ಧವಾಗಿಯೇ ಇದೆ. ಪಟ್ಟಿಯಲ್ಲಿ ಅದರ ಹೆಸರು ಕಗಪ. ಸ್ವಾರಸ್ಯದ ಸಂಗತಿಯೆಂದರೆ, ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗು ಭಾಷೆಗಳ ಧ್ವನ್ಯನುಸಾರಿ ಕೀಲಿಮಣೆಗಳಿಗೂ ಕಗಪ ಎಂಬ ಹೆಸರೇ ಇರುವುದು. ಕಾಶಿಯ ಪಂಡಿತನೊಬ್ಬನು ಲಿನಕ್ಸಿನಲ್ಲಿ ಸಂಸ್ಕೃತ ಬರೆಯಲು ಅದನ್ನು ಆರಿಸಿಕೊಂಡರೆ, ಆ ಮೂರು ಅಕ್ಷರಗಳು ಕನ್ನಡದ ಒಂದು ಸಂಸ್ಥೆಯ ಹೆಸರೆಂದು ಅವನಿಗೆ ತಿಳಿದೀತೆ?

ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳು ಬೆಲೆಯಿಲ್ಲದೆ ದೊರೆಯುತ್ತವೆ. ಆದರೆ ಪರಿವರ್ತನೆಯನ್ನು ಕುರುಡಾಗಿ ನಂಬಲಾಗದು. ಕನ್ನಡದ ನಡುವೆ ಇಂಗ್ಲಿಷ್ ಉದ್ಧರಣೆ ಬಂದಿದ್ದರೆ, ಎರಡರ ಸಂಕೇತವೂ ಒಂದೇ ಆದುದರಿಂದ, ಉಪಕರಣವು ಇಂಗ್ಲಿಷನ್ನೂ ಕನ್ನಡವೆಂದು ಬಗೆದು ಅರ್ಥವಿಲ್ಲದ ಅಕ್ಷರಗಳನ್ನು ಸುರಿಯುತ್ತದೆ. ಹಳಗನ್ನಡವನ್ನು ಅಭ್ಯಸಿಸುವವರಿಗೆ ಱ, ೞ ಅಕ್ಷರಗಳದೊಂದು ಚಿಂತೆ ಬೇರೆ. ಕಿಟ್ಟೆಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯದಿಂದ 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ಈ ಊರಿನಲ್ಲಿ ಆ ಅಕ್ಷರಗಳ ಮಹತ್ತ್ವವನ್ನು ವಿವರಿಸಬೇಕಾದುದಿಲ್ಲ. ಅವೆರಡಕ್ಕೂ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ೞಕಾರಕ್ಕೆ ಪಟ್ಟಿಯಲ್ಲಿ ಕೊಟ್ಟ ಇಂಗ್ಲಿಷ್ ಹೆಸರು ‘ಫಾ’ ಎಂದಾಗಿದೆ! ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಅವರ ನಿಯಮವಾದುದರಿಂದ, ತಪ್ಪನ್ನು ಹಾಗೆಯೇ ಉಳಿಸಿ ಸರಿಯಾದುದನ್ನು ಪರ್ಯಾಯನಾಮವೆಂದು ದಾಖಲೆ ಮಾಡಿದ್ದಾರೆ. ಅಕ್ಷರಗಳ ಪಟ್ಟಿಯಲ್ಲಿ ಹೆಸರು ಹಿಡಿದು ಹುಡುಕುವವರು ಇದನ್ನು ನೆನಪಿಡಬೇಕು.

ಲಿನಕ್ಸನ್ನು ಡಿಸ್ಕಿಗೆ ಹಾಕದೆಯೇ ಪೆನ್‌ಡ್ರೈವಿನಿಂದ ನೇರವಾಗಿ ನಡೆಸಿ ನೋಡಬಹುದೆಂಬುದು ಹಲವರಿಗೆ ತಿಳಿಯದು. ಯಂತ್ರದಲ್ಲಿರುವುದಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ. ರಿಚಿ ಸ್ಟ್ರೀಟಿಗೋ ಬೇರೆ ಅಂಗಡಿಗೋ ಹೋಗುವಾಗ ಹೊಸ ಕರ್ನೆಲ್ಲುಳ್ಳ ಇಂಥದೊಂದು ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು, ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಹತ್ತು ನಿಮಿಷ ನಡೆಸಿ ನೋಡಲು ಅಂಗಡಿಯವನ ಅನುಮತಿಯನ್ನು ಕೇಳಬಹುದು. ಒಪ್ಪದಿದ್ದರೆ ಒಪ್ಪುವ ಅಂಗಡಿಯನ್ನು ಹುಡುಕಬಹುದು. ನಿಸ್ತಂತು ಸಂಪರ್ಕ, ಧ್ವನಿ, ಪರದೆಯ ಬೆಳಕು ಇವನ್ನು ನೋಡಿದ ಮೇಲೆ, ಮುಚ್ಚಳವನ್ನು ಮುಚ್ಚಿ ಮತ್ತೆ ತೆರೆದಾಗ ಯಂತ್ರ ಏಳುತ್ತದೆಯೆ ಎಂಬುದನ್ನೂ ನೋಡತಕ್ಕದ್ದು. ನಿದ್ರೆಯಲ್ಲಿಯೂ ಬ್ಯಾಟರಿಯನ್ನು ತಿನ್ನುವ ಚಟ ಇಂದಿನ ಲ್ಯಾಪ್‌ಟಾಪುಗಳಿಗಿದೆ. ಬೆರಳಚ್ಚು ಗುರುತಿಸುವ ಗುಂಡಿ ಕೆಲಸ ಮಾಡದಿದ್ದರೆ ಚಿಂತಿಸಬೇಕಾಗಿಲ್ಲ. ಕೆಲವು ಮಾದರಿಗಳನ್ನು ವಿಂಡೋಸ್ ಇಲ್ಲದೆ, ಉಬುಂಟುವಿನೊಡನೆಯೋ ಬರಿಯ ಫ್ರೀಡಾಸಿನೊಡನೆಯೋ ಮಾರುತ್ತಾರೆ. ಅವನ್ನು ಹೆಸರು ಹೇಳಿ ಕೇಳಬೇಕು, ಅಂಗಡಿಯವನು ತಾನಾಗಿ ತೋರಿಸಲಾರ. ಅದೇ ಪೆನ್‌ಡ್ರೈವಿನಲ್ಲಿ ತಮ್ಮ ಹಳೆಯ ಕನ್ನಡ ಕಡತಗಳಲ್ಲಿ ಒಂದೆರಡನ್ನು, ಇಂಗ್ಲಿಷ್ ಉದ್ಧರಣೆಯುಳ್ಳದೊಂದನ್ನೂ ೞಕಾರವುಳ್ಳದೊಂದನ್ನೂ, ಮೊದಲೇ ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಂಡಿದ್ದರೆ, ಅವು ಅಲ್ಲಿ ಹೇಗೆ ತೆರೆಯುತ್ತವೆಂಬುದನ್ನು ಹಣ ಕೊಡುವ ಮುನ್ನವೇ ಕಾಣಬಹುದು.